ತೀವ್ರ ಒಣಗಣ್ಣಿಗೆ ಸ್ಕ್ಲೀರಲ್ ಲೆನ್ಸ್: ನಿರ್ಧಾರಕ್ಕೆ ಮುನ್ನ ನಾಲ್ಕು ಪ್ರಶ್ನೆಗಳು

ಇಷ್ಟಲಿಂಗವನ್ನು ಎಡ ಅಂಗೈಯಲ್ಲಿರಿಸಿಕೊಂಡು ಎವೆಯಿಕ್ಕದೆ ನೋಡುವ ಅನುಸಂಧಾನವು ಶರಣಧರ್ಮದ ಸಾಧನೆಯಲ್ಲಿ ಮುಖ್ಯವಾದುದು. ಆ ಸಾಧನೆಗೆ ಕಣ್ಣೇ ಬಾಗಿಲು. ಆದರೆ ಕಣ್ಣಿನ ನೀರು ಇಂಗಿಹೋದವರಿಗೆ ಅರೆನಿಮಿಷದ ನೋಟವೂ ಯಾತನೆಯಾಗುತ್ತದೆ. ಮರಳು ತುಂಬಿದಂತೆ ಉರಿ, ಬೆಳಕನ್ನು ಕಂಡರೆ ಭಯ, ಬೆಳಗ್ಗೆ ರೆಪ್ಪೆ ತೆರೆಯಲು ಹಿಂಜರಿಕೆ, ವಚನದ ಪುಸ್ತಕ ಹಿಡಿದರೆ ಅಕ್ಷರಗಳು ಕದಡುವುದು: ಇವು ಅವರ ನಿತ್ಯದ ಪಾಡು. ಇಂಥವರಲ್ಲಿ ಕೆಲವರು ಈಚೆಗೆ ನಮ್ಮನ್ನು ಕೇಳುತ್ತಿರುವ ಪ್ರಶ್ನೆ ಒಂದೇ: “ಸ್ಕ್ಲೀರಲ್ ಲೆನ್ಸ್ ಹಾಕಿಸಿಕೊಂಡರೆ ವಾಸಿಯಾಗುತ್ತದೆಯಂತೆ, ಹೌದೇ?”

ಈ ಪ್ರಶ್ನೆಗೆ ಹೌದು ಅಥವಾ ಅಲ್ಲ ಎಂದು ಒಂದು ಮಾತಿನಲ್ಲಿ ಉತ್ತರಿಸಲಾಗದು. ಈ ಲೆನ್ಸು ಕೆಲವರ ಬದುಕನ್ನೇ ಮರಳಿ ಕೊಟ್ಟಿದೆ. ಇನ್ನು ಕೆಲವರಿಗೆ ಹಣವೂ ಹೋಗಿ, ಉರಿಯೂ ಉಳಿದಿದೆ. ವ್ಯತ್ಯಾಸವಿರುವುದು ಲೆನ್ಸಿನ ಗುಣದಲ್ಲಿ ಮಾತ್ರವಲ್ಲ. ಅದು ಯಾವ ಕಣ್ಣಿಗೆ, ಯಾವ ಹಂತದಲ್ಲಿ, ಯಾರ ಕೈಗೆ ಹೋಯಿತೆಂಬುದರಲ್ಲಿ. ಆದ್ದರಿಂದ ವೈದ್ಯರೆದುರು ಕುಳಿತು ನಿರ್ಧರಿಸುವ ಮುನ್ನ ಭಕ್ತರು ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಕ್ರಮವಾಗಿ ವಿವೇಚಿಸೋಣ.

ಕಣ್ಣೀರಿನ ಕೆಲಸ

ಕಣ್ಣೀರೆಂದರೆ ಅಳುವಾಗ ಸುರಿಯುವ ನೀರು ಮಾತ್ರವಲ್ಲ. ನಾವು ಎಚ್ಚರವಾಗಿರುವಷ್ಟು ಹೊತ್ತೂ ಕರಿಗುಡ್ಡೆಯ ಮುಂದಿನ ಪಾರದರ್ಶಕ ಪಟಲವಾದ ಕಾರ್ನಿಯಾದ ಮೇಲೆ ನೀರಿನ ಒಂದು ತೆಳು ಪರೆ ಹಾಸಿರುತ್ತದೆ. ಅದರ ದಪ್ಪ ಸುಮಾರು 3 ಮೈಕ್ರಾನ್. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಮೈಕ್ರಾನ್ ಎಂದರೆ ಈ ಪರೆ ಎಷ್ಟು ಸೂಕ್ಷ್ಮವೆಂಬುದು ಮನದಟ್ಟಾಗುತ್ತದೆ. ಇದರಲ್ಲಿ ಮೂರು ಅಂಶಗಳಿವೆ. ಕಣ್ಣಿಗೆ ಅಂಟಿಕೊಂಡಿರುವ ಲೋಳೆ, ನಡುವೆ ನೀರು, ಮೇಲೆ ಆರಿಹೋಗದಂತೆ ಕಾಯುವ ಎಣ್ಣೆಯ ಪದರ. ನೀರನ್ನು ಅಶ್ರುಗ್ರಂಥಿಗಳು ಕೊಟ್ಟರೆ, ಎಣ್ಣೆಯನ್ನು ರೆಪ್ಪೆಯ ಅಂಚಿನಲ್ಲಿ ಸಾಲಾಗಿರುವ ಮೈಬೋಮಿಯನ್ ಗ್ರಂಥಿಗಳು ಕೊಡುತ್ತವೆ. ನಾವು ಎವೆಯಿಕ್ಕಿದಾಗಲೆಲ್ಲ ಈ ಪರೆ ಹೊಸದಾಗಿ ಹರಡಿಕೊಳ್ಳುತ್ತದೆ.

ಕಾರ್ನಿಯಾಕ್ಕೆ ರಕ್ತನಾಳಗಳಿಲ್ಲ. ಅದು ತನಗೆ ಬೇಕಾದ ಆಮ್ಲಜನಕವನ್ನು ಬಹುಪಾಲು ಗಾಳಿಯಿಂದ, ಈ ನೀರಿನ ಪರೆಯ ಮೂಲಕವೇ ಪಡೆಯುತ್ತದೆ. ಇಡೀ ದೇಹದಲ್ಲಿ ಅತಿ ಹೆಚ್ಚು ನರತುದಿಗಳಿರುವ ಭಾಗಗಳಲ್ಲಿ ಕಾರ್ನಿಯಾ ಒಂದು. ಆದ್ದರಿಂದಲೇ ಪರೆ ಹರಿದಾಗ ಆಗುವ ನೋವು ಅಷ್ಟೊಂದು ತೀಕ್ಷ್ಣ.

ತೀವ್ರ ಒಣಗಣ್ಣು ಎಂದರೇನು?

ವೈದ್ಯರು ‘ಡ್ರೈ ಐ’ ಎಂದು ಕರೆಯುವ ಒಣಗಣ್ಣು ಇಂದು ಸಾಮಾನ್ಯ. ಮೊಬೈಲ್ ನೋಡುವಾಗ ಎವೆಯಿಕ್ಕುವುದು ಕಡಿಮೆಯಾಗುತ್ತದೆ. ಫ್ಯಾನಿನ ಗಾಳಿ, ಬಯಲುಸೀಮೆಯ ಬೇಸಗೆ, ಸುಗ್ಗಿಯ ಕಣದ ದೂಳು ಇವೂ ಕಣ್ಣನ್ನು ಒಣಗಿಸುತ್ತವೆ. ಇಂಥ ಸೌಮ್ಯ ಶುಷ್ಕತೆಗೆ ಈ ಲೆನ್ಸಿನ ಮಾತೇ ಬೇಡ. ನಾವು ಹೇಳಹೊರಟಿರುವುದು ಕಾರ್ನಿಯಾದ ಮೇಲ್ಪದರವೇ ಸವೆದು, ಹುಣ್ಣಾಗುವ ಅಪಾಯವಿರುವ ತೀವ್ರ ಸ್ಥಿತಿಯನ್ನು ಕುರಿತು.

ಇದಕ್ಕೆ ಕಾರಣಗಳು ಹಲವು. ಜೋಗ್ರೆನ್ ಕಾಯಿಲೆಯಲ್ಲಿ ದೇಹದ ರಕ್ಷಣಾಶಕ್ತಿಯೇ ಕಣ್ಣೀರು ಮತ್ತು ಜೊಲ್ಲಿನ ಗ್ರಂಥಿಗಳ ಮೇಲೆ ತಿರುಗಿ ಬೀಳುತ್ತದೆ. ಸ್ವೀಡನ್ನಿನ ನೇತ್ರವೈದ್ಯ ಹೆನ್ರಿಕ್ ಜೋಗ್ರೆನ್ 1933ರಲ್ಲಿ ತಮ್ಮ ಪ್ರಬಂಧದಲ್ಲಿ ಇದನ್ನು ವಿಶದವಾಗಿ ವಿವರಿಸಿದ್ದರಿಂದ ಅವರ ಹೆಸರೇ ನಿಂತಿತು. ಈ ಕಾಯಿಲೆಯವರಲ್ಲಿ ಹೆಚ್ಚಿನವರು ಸ್ತ್ರೀಯರು. ಕಣ್ಣಿನೊಡನೆ ಬಾಯಿಯೂ ಒಣಗಿ, ನೀರು ಕುಡಿಯದೆ ರೊಟ್ಟಿ ನುಂಗಲಾಗದಿರುವುದು, ಕೀಲುನೋವು ಇವು ಅದರ ಕುರುಹುಗಳು. ಸಂಧಿವಾತದ ಕೆಲವು ಬಗೆಗಳಲ್ಲಿಯೂ ಕಣ್ಣು ಒಣಗುತ್ತದೆ.

ಸ್ಟೀವನ್ಸ್ ಜಾನ್ಸನ್ ಸಿಂಡ್ರೋಮ್ ಎಂಬುದು ಇನ್ನೂ ಭೀಕರ. ಕೆಲವು ಸಲ್ಫಾ ಮಾತ್ರೆ, ಮೂರ್ಛೆರೋಗದ ಕೆಲವು ಮಾತ್ರೆ, ಕೆಲವು ನೋವುನಿವಾರಕಗಳು ವಿರಳವಾಗಿ ಯಾರಿಗೋ ಒಬ್ಬರಿಗೆ ಒಗ್ಗದೆ, ಮೈಚರ್ಮವೂ ಬಾಯಿ ಕಣ್ಣುಗಳ ಒಳಪದರವೂ ಸುಟ್ಟಂತೆ ಸುಲಿದುಹೋಗುತ್ತವೆ. ಜ್ವರ ಇಳಿದು ಜೀವ ಉಳಿದ ಮೇಲೂ ಕಣ್ಣು ಮಾತ್ರ ಒಣಗಿ, ರೆಪ್ಪೆಯ ಒಳ ಅಂಚು ಒರಟಾಗಿ, ಪ್ರತಿ ಎವೆಯಿಕ್ಕಿನಲ್ಲಿಯೂ ಕಾರ್ನಿಯಾವನ್ನು ಉಜ್ಜುತ್ತದೆ. ಇವಲ್ಲದೆ ಸುಣ್ಣ ಅಥವಾ ಆಮ್ಲ ಬಿದ್ದ ಕಣ್ಣು, ಅರ್ಧಮುಖದ ಪಾರ್ಶ್ವವಾಯುವಿನಿಂದ ರೆಪ್ಪೆ ಮುಚ್ಚದ ಕಣ್ಣು, ಅಸ್ಥಿಮಜ್ಜೆ ಕಸಿಯ ಬಳಿಕ ಒಣಗಿದ ಕಣ್ಣು, ಸ್ಪರ್ಶಜ್ಞಾನ ಕಳೆದುಕೊಂಡ ಕಾರ್ನಿಯಾ ಇವೂ ಇದೇ ಸಾಲಿಗೆ ಸೇರುತ್ತವೆ.

ಸ್ಕ್ಲೀರಲ್ ಲೆನ್ಸ್ ಎಂದರೇನು?

ಕಣ್ಣಿನ ಬಿಳಿಯ ಭಾಗಕ್ಕೆ ಸ್ಕ್ಲೀರಾ ಎಂದು ಹೆಸರು. ಸಾಮಾನ್ಯವಾದ ಗಟ್ಟಿ ಕಾಂಟ್ಯಾಕ್ಟ್ ಲೆನ್ಸು 9 ರಿಂದ 10 ಮಿಲಿಮೀಟರ್ ಅಗಲವಿದ್ದು ಕಾರ್ನಿಯಾದ ಮೇಲೆಯೇ ಕೂರುತ್ತದೆ. ಸ್ಕ್ಲೀರಲ್ ಲೆನ್ಸಾದರೋ ಸುಮಾರು 15 ರಿಂದ 20 ಮಿಲಿಮೀಟರ್ ಅಗಲದ್ದು. ಅದು ಕಾರ್ನಿಯಾವನ್ನು ಮುಟ್ಟದೆ ಕಮಾನಿನಂತೆ ದಾಟಿ, ತನ್ನ ಅಂಚನ್ನು ಬಿಳಿಯ ಭಾಗದ ಮೇಲೆ ಊರುತ್ತದೆ. ಆ ಕಮಾನಿನ ಕೆಳಗೆ ಸಂರಕ್ಷಕ ಬೆರೆಸದ ಉಪ್ಪುನೀರು, ಅಂದರೆ ಶುದ್ಧ ಸಲೈನ್, ತುಂಬಿರುತ್ತದೆ. ಲೆನ್ಸು ಕಣ್ಣಿನ ಮೇಲೆ ನೆಲೆಗೊಂಡ ಬಳಿಕ ಈ ನೀರಿನ ಆಳ ಸಾಮಾನ್ಯವಾಗಿ 200 ರಿಂದ 300 ಮೈಕ್ರಾನ್ ಇರುವಂತೆ ನೋಡಿಕೊಳ್ಳುತ್ತಾರೆ. ಸಹಜವಾದ 3 ಮೈಕ್ರಾನ್ ಪರೆಗೆ ಹೋಲಿಸಿದರೆ ಇದೊಂದು ಪುಟ್ಟ ಕೆರೆಯೇ ಸರಿ. ಕಾರ್ನಿಯಾ ದಿನವಿಡೀ ಆ ಕೆರೆಯಲ್ಲಿ ಮುಳುಗಿರುತ್ತದೆ. ಒರಟು ರೆಪ್ಪೆ ಉಜ್ಜಿದರೂ ಉಜ್ಜುವುದು ಲೆನ್ಸನ್ನು, ಕಣ್ಣನ್ನಲ್ಲ. ಗಾಳಿ ಬೀಸಿದರೂ ತಾಗುವುದು ಲೆನ್ಸಿಗೆ. ಸವೆದ ಮೇಲ್ಪದರಕ್ಕೆ ಮಾಯಲು ಅವಕಾಶ ದೊರೆಯುತ್ತದೆ. ಕಾರ್ನಿಯಾದ ಏರುತಗ್ಗುಗಳನ್ನು ನೀರು ತುಂಬಿಕೊಡುವುದರಿಂದ ದೃಷ್ಟಿಯೂ ತಿಳಿಯಾಗುತ್ತದೆ.

ಈ ಉಪಾಯ ಹೊಸದೇನಲ್ಲ. 1887ರಲ್ಲಿ ಜರ್ಮನಿಯ ವೀಸ್‌ಬಾಡೆನ್ನಿನಲ್ಲಿ ಕೃತಕ ಕಣ್ಣು ತಯಾರಿಸುತ್ತಿದ್ದ ಮ್ಯುಲ್ಲರ್ ಸೋದರರು, ರೆಪ್ಪೆ ಹಾಳಾಗಿದ್ದ ರೋಗಿಯೊಬ್ಬನ ಕಣ್ಣು ಒಣಗದಂತೆ ಕಾಪಾಡಲು ಗಾಜಿನ ಚಿಪ್ಪೊಂದನ್ನು ಮಾಡಿಕೊಟ್ಟರು. ಮರುವರ್ಷವೇ ಅಡಾಲ್ಫ್ ಫಿಕ್ ಎಂಬ ವೈದ್ಯರು ದೃಷ್ಟಿದೋಷಕ್ಕಾಗಿ ಗಾಜಿನ ಲೆನ್ಸನ್ನು ಕುರಿತು ಪ್ರಬಂಧ ಪ್ರಕಟಿಸಿದರು. ಆದರೆ ಗಾಜಿನಲ್ಲಾಗಲಿ ಅನಂತರ ಬಂದ ಪ್ಲಾಸ್ಟಿಕ್ಕಿನಲ್ಲಾಗಲಿ ಆಮ್ಲಜನಕ ಹಾಯುತ್ತಿರಲಿಲ್ಲ. ಕಾರ್ನಿಯಾ ಉಸಿರುಗಟ್ಟಿ ಬಾತುಕೊಳ್ಳುತ್ತಿತ್ತು. 1983ರಲ್ಲಿ ಆಸ್ಟ್ರೇಲಿಯದ ಡೊನಾಲ್ಡ್ ಎಜೆಕಿಯೆಲ್ ಅವರು ಅನಿಲ ಹಾಯುವ ಪದಾರ್ಥದಿಂದ ಸ್ಕ್ಲೀರಲ್ ಲೆನ್ಸ್ ಮಾಡಿದ್ದನ್ನು ವರದಿ ಮಾಡಿದ ಬಳಿಕ ಈ ವಿದ್ಯೆಗೆ ಮರುಜೀವ ಬಂತು. ಅಮೆರಿಕದ ಬಾಸ್ಟನ್ನಿನಲ್ಲಿ ಪೆರಿ ರೋಸೆಂತಾಲ್ ಎಂಬ ವೈದ್ಯರು ಇದನ್ನು ರೋಗಪೀಡಿತ ಕಣ್ಣುಗಳ ಚಿಕಿತ್ಸೆಯಾಗಿಯೇ ಬೆಳೆಸಿದರು. ಅವರ ಲೆನ್ಸಿಗೆ 1994ರಲ್ಲಿ ಅಲ್ಲಿನ ಸರ್ಕಾರದ ಒಪ್ಪಿಗೆ ದೊರೆಯಿತು. ‘ಪ್ರೋಸ್’ ಎಂದು ಕರೆಯುವ ಆ ಪದ್ಧತಿ ಹೈದರಾಬಾದಿನ ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆ ಮತ್ತು ಚೆನ್ನೈನ ಶಂಕರ ನೇತ್ರಾಲಯಗಳ ಮೂಲಕ ನಮ್ಮ ದೇಶಕ್ಕೂ ಬಂದಿದೆ. ಬೇರೆ ಬೇರೆ ತಯಾರಕರ ಸ್ಕ್ಲೀರಲ್ ಲೆನ್ಸುಗಳನ್ನು ಬೆಂಗಳೂರಿನ ದೊಡ್ಡ ಕಣ್ಣಾಸ್ಪತ್ರೆಗಳಲ್ಲಿಯೂ ಹೊಂದಿಸಿಕೊಡುತ್ತಾರೆ.

ಇಲ್ಲಿ ಒಂದು ಮಾತನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕು. ಈ ಲೆನ್ಸು ರೋಗವನ್ನು ಗುಣಪಡಿಸುವುದಿಲ್ಲ. ಬತ್ತಿದ ಗ್ರಂಥಿಯಲ್ಲಿ ನೀರು ಬರಿಸುವುದಿಲ್ಲ. ಅದು ಕಣ್ಣಿಗೆ ಹಿಡಿದ ಕೊಡೆ. ಕೊಡೆ ಮಳೆಯನ್ನು ನಿಲ್ಲಿಸದು. ಹಿಡಿದವರನ್ನು ನೆನೆಯದಂತೆ ಕಾಯುತ್ತದೆ. ರಾತ್ರಿ ಅದನ್ನು ತೆಗೆದಿಟ್ಟಾಗ ಕಣ್ಣು ಮತ್ತೆ ಒಣಗಣ್ಣೇ.

ಮೊದಲನೆಯ ಪ್ರಶ್ನೆ: ಮಾಡಬೇಕಾದ ಇತರ ಚಿಕಿತ್ಸೆಗಳು ಆಗಿವೆಯೇ?

ಒಣಗಣ್ಣಿನ ಚಿಕಿತ್ಸೆಗೆ ಮೆಟ್ಟಿಲುಗಳಿವೆ. 2017ರಲ್ಲಿ ಜಗತ್ತಿನ ಅನೇಕ ತಜ್ಞರು ಕೂಡಿ ಹೊರತಂದ ವರದಿಯೊಂದು ಈ ಮೆಟ್ಟಿಲುಗಳನ್ನು ನಾಲ್ಕಾಗಿ ವಿಂಗಡಿಸಿದೆ. ಮೊದಲನೆಯದು ಪರಿಸರ ಮತ್ತು ಅಭ್ಯಾಸಗಳ ಸುಧಾರಣೆ, ಕೃತಕ ಕಣ್ಣೀರಿನ ಹನಿ, ರೆಪ್ಪೆಯ ಶುಚಿತ್ವ, ಬಿಸಿಬಟ್ಟೆಯ ಶಾಖ. ಎರಡನೆಯದು ಸಂರಕ್ಷಕ ರಾಸಾಯನಿಕವಿಲ್ಲದ ಹನಿಗಳು, ಕಣ್ಣೀರು ಹರಿದುಹೋಗುವ ರಂಧ್ರಕ್ಕೆ ಪುಟ್ಟ ಬೆಣೆ, ಉರಿಯೂತ ತಗ್ಗಿಸುವ ಸೈಕ್ಲೋಸ್ಪೋರಿನ್ ಮುಂತಾದ ಔಷಧಗಳು. ಮೂರನೆಯದರಲ್ಲಿ ರೋಗಿಯ ರಕ್ತದಿಂದಲೇ ತಯಾರಿಸಿದ ಸೀರಂ ಹನಿ ಮತ್ತು ಸ್ಕ್ಲೀರಲ್ ಲೆನ್ಸ್ ಬರುತ್ತವೆ. ನಾಲ್ಕನೆಯದು ರೆಪ್ಪೆಗಳನ್ನು ಭಾಗಶಃ ಹೊಲಿಯುವುದೇ ಮೊದಲಾದ ಶಸ್ತ್ರಚಿಕಿತ್ಸೆಗಳು.

ಅಂದರೆ ಸ್ಕ್ಲೀರಲ್ ಲೆನ್ಸು ಮೊದಲ ಮೆಟ್ಟಿಲಲ್ಲ, ಕೊನೆಯದೂ ಅಲ್ಲ. ಕೆಳಗಿನ ಮೆಟ್ಟಿಲುಗಳನ್ನು ಹತ್ತದೆ ನೇರವಾಗಿ ಲೆನ್ಸಿಗೆ ಹಾರುವುದು ತಪ್ಪು. ರೆಪ್ಪೆಯ ಎಣ್ಣೆಗ್ರಂಥಿಗಳು ಕಟ್ಟಿಕೊಂಡು ಅಂಚೆಲ್ಲ ಹೊಟ್ಟುಗಟ್ಟಿದ್ದರೆ ಲೆನ್ಸಿನ ಮೇಲ್ಮೈಗೂ ಆ ಜಿಡ್ಡು ಮೆತ್ತಿ, ದೃಷ್ಟಿ ಮಂಜಾಗುತ್ತದೆ. ದಿನಕ್ಕೆ ಹತ್ತಾರು ಬಾರಿ ಹಾಕಿಕೊಳ್ಳುವ ಹನಿಯಲ್ಲಿರುವ ಬೆಂಜಾಲ್ಕೋನಿಯಂ ಎಂಬ ಸಂರಕ್ಷಕವೇ ಕಣ್ಣನ್ನು ಸವೆಸುತ್ತಿದ್ದರೆ, ಮೊದಲು ಆ ಹನಿಯನ್ನು ಬದಲಿಸಬೇಕು. ಅಲರ್ಜಿಯ ಮಾತ್ರೆ, ಖಿನ್ನತೆಯ ಕೆಲವು ಮಾತ್ರೆಗಳು ಕಣ್ಣನ್ನು ಒಣಗಿಸುತ್ತವೆ. ಅವನ್ನು ಬದಲಿಸಬಹುದೇ ಎಂದು ಬರೆದುಕೊಟ್ಟ ವೈದ್ಯರನ್ನೇ ಕೇಳಬೇಕು, ತಾವಾಗಿ ನಿಲ್ಲಿಸಬಾರದು. ಜೋಗ್ರೆನ್ ಕಾಯಿಲೆಯೆಂದು ಶಂಕೆಯಿದ್ದರೆ ಸಂಧಿವಾತ ತಜ್ಞರನ್ನು ಕಾಣಲೇಬೇಕು.

ಹಾಗೆಂದು ಕಾಯುತ್ತ ಕೂರುವುದೂ ತರವಲ್ಲ. ಸ್ಟೀವನ್ಸ್ ಜಾನ್ಸನ್ ಸಿಂಡ್ರೋಮಿನಿಂದ ರೆಪ್ಪೆ ಒರಟಾದವರು, ರೆಪ್ಪೆ ಮುಚ್ಚದವರು, ಹುಣ್ಣು ಮಾಯದವರು ವರ್ಷಗಟ್ಟಲೆ ಹನಿ ಬದಲಿಸುತ್ತ ಕಾಲ ಕಳೆದರೆ ಅಷ್ಟರಲ್ಲಿ ಕಾರ್ನಿಯಾ ಬೆಳ್ಳಗಾಗಿ ದೃಷ್ಟಿಯೇ ಹೋಗಬಹುದು. ಅಂಥವರಿಗೆ ತುಟಿಯ ಒಳಪದರವನ್ನು ರೆಪ್ಪೆಯ ಅಂಚಿಗೆ ಕಸಿ ಮಾಡುವ ಶಸ್ತ್ರಚಿಕಿತ್ಸೆಯೂ ಉಂಟು, ಲೆನ್ಸೂ ಉಂಟು. ಅವರು ತಡಮಾಡದೆ ಕಾರ್ನಿಯಾ ತಜ್ಞರನ್ನು ಕಾಣಬೇಕು.

ಎರಡನೆಯ ಪ್ರಶ್ನೆ: ನೋವಿನ ಮೂಲ ಎಲ್ಲಿದೆ?

ಉರಿ ಹೆಚ್ಚಿದ್ದಷ್ಟೂ ಕಣ್ಣು ಹೆಚ್ಚು ಒಣಗಿದೆ ಎಂದು ತಿಳಿಯುವುದು ಸಹಜ. ಆದರೆ ಎರಡೂ ಒಂದೇ ಅಳತೆಯಲ್ಲಿ ನಡೆಯಬೇಕೆಂದಿಲ್ಲ. ಆದ್ದರಿಂದ ವೈದ್ಯರು ಕೆಲವು ಪರೀಕ್ಷೆಗಳನ್ನು ಮಾಡುತ್ತಾರೆ. ಷಿರ್ಮರ್ ಪರೀಕ್ಷೆಯಲ್ಲಿ ಸಣ್ಣ ಶೋಧಕಾಗದದ ಪಟ್ಟಿಯನ್ನು ಕೆಳರೆಪ್ಪೆಗೆ ಸಿಕ್ಕಿಸಿ, 5 ನಿಮಿಷದಲ್ಲಿ ಎಷ್ಟು ಮಿಲಿಮೀಟರ್ ನೆನೆಯಿತೆಂದು ಅಳೆಯುತ್ತಾರೆ. 10ಕ್ಕಿಂತ ಹೆಚ್ಚಾದರೆ ಸಾಮಾನ್ಯ. 5ಕ್ಕೂ ಕಡಿಮೆಯಾದರೆ ನೀರಿನ ಕೊರತೆ ಗಂಭೀರ. ಫ್ಲೋರೆಸೀನ್ ಎಂಬ ಹಳದಿ ಬಣ್ಣ ಹಾಕಿ ನೀಲಿ ಬೆಳಕಿನಲ್ಲಿ ನೋಡಿದರೆ ಕಾರ್ನಿಯಾ ಎಲ್ಲೆಲ್ಲಿ ಸವೆದಿದೆಯೋ ಅಲ್ಲೆಲ್ಲ ಹಸಿರು ಚುಕ್ಕೆಗಳು ಕಾಣುತ್ತವೆ. ಎವೆಯಿಕ್ಕಿದ ಬಳಿಕ ನೀರಿನ ಪರೆ ಎಷ್ಟು ಸೆಕೆಂಡಿಗೆ ಹರಿಯುತ್ತದೆಂಬುದನ್ನೂ ನೋಡುತ್ತಾರೆ. 10 ಸೆಕೆಂಡಿಗೆ ಮೊದಲೇ ಹರಿದರೆ ಪರೆ ದುರ್ಬಲ.

ಚುಕ್ಕೆಗಳು ಹೇರಳವಾಗಿದ್ದು, ನೋವೂ ಇದ್ದರೆ ಲೆನ್ಸಿನಿಂದ ಫಲ ದೊರೆಯುವ ಭರವಸೆ ಹೆಚ್ಚು. ಮೇಲ್ಮೈ ಸಾಕಷ್ಟು ಚೆನ್ನಾಗಿದ್ದೂ ನೋವು ಮಾತ್ರ ಅಸಹನೀಯವಾಗಿದ್ದರೆ ಯೋಚಿಸಬೇಕು. ಆಗ ವೈದ್ಯರು ಸ್ಪರ್ಶಜ್ಞಾನ ತಗ್ಗಿಸುವ ಹನಿಯನ್ನು ಒಮ್ಮೆ ಹಾಕಿ ನೋಡುವುದುಂಟು. ನೋವು ಕೂಡಲೇ ಮಾಯವಾದರೆ ಅದರ ಮೂಲ ಕಣ್ಣಿನ ಮೇಲ್ಮೈಯಲ್ಲಿದೆ. ಹನಿ ಹಾಕಿದರೂ ನೋವು ಹಾಗೆಯೇ ಉಳಿದರೆ, ನೋವನ್ನು ಒಯ್ಯುವ ನರಮಾರ್ಗವೇ ಕೆರಳಿದೆ ಎಂದು ಊಹಿಸಬೇಕಾಗುತ್ತದೆ. ಕಣ್ಣನ್ನು ನೀರಿನಲ್ಲಿ ಮುಳುಗಿಸಿಟ್ಟರೂ ಆ ನೋವು ಪೂರ್ತಿ ಹೋಗದು. ಅದಕ್ಕೆ ಚಿಕಿತ್ಸೆಯೇ ಬೇರೆ. ಈ ಪರೀಕ್ಷೆ ವೈದ್ಯರ ಕೊಠಡಿಯಲ್ಲಿ ಮಾತ್ರ ನಡೆಯತಕ್ಕದ್ದು. ನೋವು ಶಮನವಾಯಿತೆಂದು ಆ ಹನಿಯನ್ನು ಮನೆಗೆ ತಂದು ಬಳಸಿದರೆ ಕಾರ್ನಿಯಾ ಕರಗುವಷ್ಟು ಹಾನಿಯಾಗುತ್ತದೆ.

ಮೂರನೆಯ ಪ್ರಶ್ನೆ: ಕಣ್ಣು ಈ ಲೆನ್ಸನ್ನು ತಾಳಬಲ್ಲದೇ?

ಕಾರ್ನಿಯಾದ ಒಳಮೈಯಲ್ಲಿ ಒಂದೇ ಸಾಲಿನ ಜೀವಕೋಶಗಳಿದ್ದು, ಅವು ಹಗಲಿರುಳು ನೀರನ್ನು ಹೊರಹಾಕಿ ಕಾರ್ನಿಯಾವನ್ನು ತಿಳಿಯಾಗಿಡುತ್ತವೆ. ವಯಸ್ಕರಲ್ಲಿ ಒಂದು ಚದರ ಮಿಲಿಮೀಟರಿಗೆ ಸಾಮಾನ್ಯವಾಗಿ 2000 ದಿಂದ 3000 ಕೋಶಗಳಿರುತ್ತವೆ. ಸತ್ತವು ಮತ್ತೆ ಹುಟ್ಟುವುದಿಲ್ಲ. ಈ ಸಂಖ್ಯೆ 1000ಕ್ಕಿಂತ ಕೆಳಗಿಳಿದಿದ್ದರೆ ಲೆನ್ಸು ಮತ್ತು ನೀರಿನ ಪದರದಿಂದಾಗುವ ಆಮ್ಲಜನಕದ ಅಲ್ಪ ಕೊರತೆಯನ್ನೂ ಕಾರ್ನಿಯಾ ತಾಳದೆ ಬಾತುಕೊಳ್ಳಬಹುದು. ಕಾರ್ನಿಯಾ ಕಸಿಯಾದವರು, ಹಿಂದೆ ಹಲವು ಶಸ್ತ್ರಚಿಕಿತ್ಸೆಗಳಾದವರು ಈ ಎಣಿಕೆಯನ್ನು ಮಾಡಿಸಿಯೇ ಮುಂದುವರಿಯಬೇಕು.

ಗ್ಲಾಕೋಮಾಗೆ ಶಸ್ತ್ರಚಿಕಿತ್ಸೆಯಾಗಿ ಬಿಳಿಯ ಭಾಗದಲ್ಲಿ ನೀರಿನ ಉಬ್ಬು ಅಥವಾ ನಳಿಕೆ ಇರುವವರಿಗೆ ಲೆನ್ಸಿನ ಅಂಚು ಅದರ ಮೇಲೆಯೇ ಊರುವುದರಿಂದ ತೊಂದರೆ. ಅಂಥವರಿಗೆ ಸಾಮಾನ್ಯ ಸ್ಕ್ಲೀರಲ್ ಲೆನ್ಸು ಒಗ್ಗದು. ಶಸ್ತ್ರಚಿಕಿತ್ಸೆಯಾಗದ ಗ್ಲಾಕೋಮಾ ಇರುವವರೂ ಅದನ್ನು ಮುಚ್ಚಿಡದೆ ಹೇಳಬೇಕು. ಕಣ್ಣಿನಲ್ಲಿ ಸೋಂಕು ಇರುವಾಗ ಲೆನ್ಸು ಹಾಕಕೂಡದು. ಮೊದಲು ಸೋಂಕು ವಾಸಿಯಾಗಬೇಕು. ಗಾಯದ ಕಲೆಯಿಂದ ರೆಪ್ಪೆಯೂ ಬಿಳಿಯ ಭಾಗವೂ ಅಂಟಿಕೊಂಡು ಲೆನ್ಸು ಕೂರುವ ಜಾಗವೇ ಇಲ್ಲದಿದ್ದರೆ, ಆ ಅಂಟನ್ನು ಬಿಡಿಸಬಹುದೇ ಎಂದು ಮೊದಲು ನೋಡಬೇಕಾಗುತ್ತದೆ.

ನಾಲ್ಕನೆಯ ಪ್ರಶ್ನೆ: ಕೈ ಸಿದ್ಧವೇ, ಮನೆ ಸಿದ್ಧವೇ?

ನಮ್ಮ ಅಭಿಪ್ರಾಯದಲ್ಲಿ ಬಹುಮಂದಿ ಕೇಳದಿರುವ, ಆದರೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಲೆನ್ಸು ಒಮ್ಮೆ ಹಾಕಿಸಿಕೊಂಡು ಬರುವ ವಸ್ತುವಲ್ಲ. ಅದು ನಿತ್ಯದ ಕಾಯಕ. ಬೆಳಗ್ಗೆ ಸಾಬೂನಿನಿಂದ ಕೈ ತೊಳೆದು, ನೂಲು ಬಿಡದ ಬಟ್ಟೆಯಲ್ಲಿ ಪೂರ್ತಿ ಒರೆಸಿಕೊಳ್ಳಬೇಕು. ರಬ್ಬರಿನ ಸಣ್ಣ ಹಿಡಿಕೆಯ ಮೇಲೆ ಲೆನ್ಸನ್ನು ಬಟ್ಟಲಿನಂತೆ ಕೂರಿಸಿ, ಸಂರಕ್ಷಕವಿಲ್ಲದ ಸಲೈನನ್ನು ಅಂಚಿನವರೆಗೆ ತುಂಬಬೇಕು. ಮೇಜಿನ ಮೇಲೆ ಕನ್ನಡಿ ಇಟ್ಟು, ಮುಖ ನೆಲಕ್ಕೆ ಸಮಾನಾಂತರವಾಗುವಂತೆ ಬಾಗಿ, ಎರಡೂ ರೆಪ್ಪೆಗಳನ್ನು ಅಗಲಿಸಿ ಹಿಡಿದು, ನೀರು ಚೆಲ್ಲದಂತೆ ಲೆನ್ಸನ್ನು ಕಣ್ಣಿಗೆ ಮುಟ್ಟಿಸಬೇಕು. ಒಳಗೆ ಗಾಳಿಗುಳ್ಳೆ ಸೇರಿದರೆ ತೆಗೆದು ಮತ್ತೆ ಹಾಕಬೇಕು. ತೆಗೆಯುವಾಗ ಹಿಡಿಕೆಯನ್ನು ಲೆನ್ಸಿನ ನಡುವೆ ಒತ್ತದೆ ಅಂಚಿನ ಬಳಿ ಹಿಡಿದು, ಗಾಳಿ ಒಳಹೋಗುವಂತೆ ಮೆಲ್ಲನೆ ಎತ್ತಬೇಕು. ಆಮೇಲೆ ವೈದ್ಯರು ಹೇಳಿದ ದ್ರವದಲ್ಲಿ ಉಜ್ಜಿ ಶುಚಿಗೊಳಿಸಿ ಇಡಬೇಕು. ಲೆನ್ಸು ಧರಿಸಿ ಮಲಗಕೂಡದು.

ಕೆಲವರಿಗೆ ಮಧ್ಯಾಹ್ನದ ಹೊತ್ತಿಗೆ ಲೆನ್ಸಿನ ಕೆಳಗಿನ ನೀರಿನಲ್ಲಿ ಲೋಳೆ ಕೂಡಿ ದೃಷ್ಟಿ ಮಂಜಾಗುತ್ತದೆ. ಆಗ ತೆಗೆದು, ತೊಳೆದು, ಹೊಸ ಸಲೈನ್ ತುಂಬಿ ಹಾಕಿಕೊಳ್ಳಬೇಕು. ಹೊಲದಲ್ಲಿಯೋ ಶಾಲೆಯಲ್ಲಿಯೋ ದುಡಿಯುವವರಿಗೆ ಇದಕ್ಕೆ ಶುಚಿಯಾದ ಸ್ಥಳವೂ ಬಿಡುವೂ ಇದೆಯೇ ಎಂದು ಮೊದಲೇ ಯೋಚಿಸಬೇಕು.

ಎಲ್ಲಕ್ಕಿಂತ ಕಟ್ಟುನಿಟ್ಟಾದ ನಿಯಮ ನೀರಿನದು. ನಲ್ಲಿಯ ನೀರು, ಬೋರಿನ ನೀರು, ಬಾವಿಯ ನೀರು, ಕುಡಿಯಲು ಶೋಧಿಸಿದ ನೀರು ಯಾವುದೂ ಲೆನ್ಸನ್ನು ಸೋಕಬಾರದು. ಈ ನೀರುಗಳಲ್ಲಿ ಅಕಾಂತಮೀಬಾ ಎಂಬ ಏಕಕೋಶಜೀವಿ ಇರಬಹುದು. ನಮ್ಮ ಹೊಟ್ಟೆಗೆ ಅದು ಅಪಾಯ ಮಾಡದಿದ್ದರೂ ಲೆನ್ಸಿನಡಿ ಸೇರಿದರೆ ಕಾರ್ನಿಯಾವನ್ನೇ ತಿಂದುಹಾಕುತ್ತದೆ. ಅದರ ಚಿಕಿತ್ಸೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಒಣಗಿ ಸವೆದ ಕಣ್ಣಿನಲ್ಲಿ ಸೋಂಕು ಬೇಗ ನೆಲೆಯೂರುತ್ತದೆಂಬುದನ್ನು ಮರೆಯಬಾರದು. ಮನೆಯಲ್ಲಿ ಉಪ್ಪು ಬೆರೆಸಿ ಮಾಡಿದ ನೀರೂ ಸಲ್ಲದು.

ಸಂಧಿವಾತದಿಂದ ಬೆರಳು ಸೊಟ್ಟಗಾದ ತಾಯಂದಿರು, ಕೈ ನಡುಗುವ ಹಿರಿಯರು, ಚಿಕ್ಕ ಮಕ್ಕಳು ಇವನ್ನೆಲ್ಲ ಒಬ್ಬರೇ ಮಾಡಲಾರರು. ಆಗ ಮನೆಯವರಲ್ಲಿ ಒಬ್ಬರು, ಮಗಳೋ ಸೊಸೆಯೋ ಮಗನೋ, ಜೊತೆಯಲ್ಲಿ ಹೋಗಿ ಕಲಿತುಬರಬೇಕು. ದಿನಕ್ಕೆರಡು ಬಾರಿ, ವರ್ಷಾನುವರ್ಷ, ಬೇಸರಿಸದೆ ಮಾಡುವ ಈ ಸೇವೆಯೂ ದಾಸೋಹವೇ. ಅಂಥವರೊಬ್ಬರು ಮನೆಯಲ್ಲಿ ಇದ್ದಾರೆಯೇ ಎಂಬುದು ಷಿರ್ಮರ್ ಪಟ್ಟಿಯ ಅಳತೆಯಷ್ಟೇ ಮುಖ್ಯವಾದ ಸಂಗತಿ.

ಹಣದ ವಿಚಾರವನ್ನೂ ಸಂಕೋಚವಿಲ್ಲದೆ ಕೇಳಬೇಕು. ಲೆನ್ಸಿಗೆ ಹತ್ತಾರು ಸಾವಿರ ರೂಪಾಯಿ ತಗಲುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ವರ್ಷಕ್ಕೆ ಬದಲಿಸಬೇಕಾಗುತ್ತದೆ. ಸಲೈನ್, ಶುಚಿಗೊಳಿಸುವ ದ್ರವ, ತಪಾಸಣೆಗೆ ಊರಿಂದೂರಿಗೆ ಓಡಾಟ ಇವು ತಿಂಗಳ ಖರ್ಚು. ಒಡೆದರೆ ಬದಲಿ ಕೊಡುವರೇ, ಹೊಂದದಿದ್ದರೆ ಹಣ ಮರಳುವುದೇ, ಬಡವರಿಗೆ ರಿಯಾಯಿತಿ ಉಂಟೇ ಎಂಬುದನ್ನು ಮುಂಗಡ ಕಟ್ಟುವ ಮೊದಲೇ ವಿಚಾರಿಸುವುದು ವಿವೇಕ.

ಇಬ್ಬರು ರೋಗಿಗಳು

ವಿಷಯ ಸ್ಪಷ್ಟವಾಗಲೆಂದು ಇಬ್ಬರನ್ನು ಕಲ್ಪಿಸಿಕೊಳ್ಳೋಣ. ಒಬ್ಬಳು ಇಪ್ಪತ್ತೈದರ ಯುವತಿ. ಮಾತ್ರೆಯೊಂದು ಒಗ್ಗದೆ ಸ್ಟೀವನ್ಸ್ ಜಾನ್ಸನ್ ಸಿಂಡ್ರೋಮಿಗೆ ತುತ್ತಾದವಳು. ಕಾರ್ನಿಯಾದ ತುಂಬ ಹಸಿರು ಚುಕ್ಕೆ, ಬೆಳಕಿಗೆ ಹೆದರಿ ಕತ್ತಲೆ ಕೋಣೆಯ ವಾಸ. ಸೀರಂ ಹನಿಯೂ ಸಾಲದಾಗಿದೆ. ಒಳಪದರದ ಕೋಶಗಳ ಎಣಿಕೆ ಚೆನ್ನಾಗಿದೆ, ಕೈ ಸ್ಥಿರವಾಗಿದೆ, ತಾಯಿ ಬೆಂಬಲಕ್ಕಿದ್ದಾಳೆ. ಇವಳಿಗೆ ಸ್ಕ್ಲೀರಲ್ ಲೆನ್ಸು ಕೊಡಿಸಲು ತಡಮಾಡುವುದೇ ಅನ್ಯಾಯ.

ಇನ್ನೊಬ್ಬರು ಅರವತ್ತೈದರ ಹಿರಿಯರು. ಕಣ್ಣುರಿ ಎಂದು ನಾಲ್ಕು ಬಗೆಯ ಹನಿ ಬಳಸುತ್ತಿದ್ದಾರೆ. ಷಿರ್ಮರ್ ಪರೀಕ್ಷೆಯಲ್ಲಿ ನೀರು ಸಾಕಷ್ಟಿದೆ, ಕಟ್ಟಿಕೊಂಡಿರುವುದು ಎಣ್ಣೆಗ್ರಂಥಿ. ಕೈ ನಡುಗುತ್ತದೆ, ಮನೆಯಲ್ಲಿ ಒಬ್ಬರೇ ಇದ್ದಾರೆ. ಇವರಿಗೆ ಬೇಕಾದುದು ದಿನಕ್ಕೆರಡು ಬಾರಿ ಬಿಸಿಬಟ್ಟೆಯ ಶಾಖ, ರೆಪ್ಪೆಯ ಶುಚಿ, ಸಂರಕ್ಷಕವಿಲ್ಲದ ಒಂದೇ ಹನಿ. ಇವರಿಗೆ ಲೆನ್ಸು ಕೊಟ್ಟರೆ ಉರಿಯ ಜೊತೆಗೆ ಇನ್ನೊಂದು ಹೊರೆ ಕೊಟ್ಟಂತೆ. ಇಬ್ಬರ ದೂರೂ ಒಂದೇ, ‘ಕಣ್ಣು ಉರಿಯುತ್ತದೆ’ ಎಂಬುದು. ಉತ್ತರ ಮಾತ್ರ ಬೇರೆ.

ಪರೀಕ್ಷೆಗಾಗಿ ಧರಿಸಿ ನೋಡುವುದು

ನಾಲ್ಕು ಪ್ರಶ್ನೆಗಳಿಗೂ ಒಪ್ಪುವ ಉತ್ತರ ದೊರೆತ ಮೇಲೂ ಕೊನೆಯ ಸಾಕ್ಷಿ ಕಣ್ಣೇ ಹೇಳಬೇಕು. ಆಸ್ಪತ್ರೆಯಲ್ಲಿ ಪರೀಕ್ಷೆಗೆಂದೇ ಇಟ್ಟ ಲೆನ್ಸನ್ನು ಕಣ್ಣಿಗೆ ಹಾಕಿ, ಕೆಲವು ಗಂಟೆ ಅಲ್ಲಿಯೇ ಕೂರಲು ಹೇಳುತ್ತಾರೆ. ಹಾಕಿದಾಗ ಎತ್ತರದಲ್ಲಿದ್ದ ಲೆನ್ಸು ಗಂಟೆಗಳು ಕಳೆದಂತೆ ಕೆಳಗಿಳಿಯುವುದರಿಂದ ಈ ಕಾಯುವಿಕೆ ಅಗತ್ಯ. ಅವಸರದಲ್ಲಿ ಅರ್ಧಗಂಟೆಗೇ ಅಳತೆ ಮುಗಿಸಿದರೆ ಸಾಲದು. ಆ ಹೊತ್ತಿನಲ್ಲಿ ಉರಿ ಎಷ್ಟು ತಗ್ಗಿತು, ಬೆಳಕಿಗೆ ಕಣ್ಣು ತೆರೆಯಲಾಯಿತೇ, ಓದಲಾಯಿತೇ ಎಂಬುದನ್ನು ಬರೆದಿಟ್ಟುಕೊಳ್ಳಿ. ಲೆನ್ಸಿನ ಅಂಚು ರಕ್ತನಾಳಗಳನ್ನು ಅದುಮಿದೆಯೇ, ಕಾರ್ನಿಯಾವನ್ನು ಎಲ್ಲಿಯಾದರೂ ಮುಟ್ಟಿದೆಯೇ ಎಂದು ವೈದ್ಯರು ನೋಡುತ್ತಾರೆ. ಅನಂತರ ನಿಮ್ಮ ಕಣ್ಣಿನ ಅಳತೆಗೆ ಲೆನ್ಸು ಮಾಡಿಸುತ್ತಾರೆ. ಮೊದಲ ದಿನಗಳಲ್ಲಿ ಎರಡು, ನಾಲ್ಕು ಗಂಟೆ ಧರಿಸಿ, ಕ್ರಮೇಣ ಅವಧಿಯನ್ನು ಹೆಚ್ಚಿಸಬೇಕು. ಒಮ್ಮೆಯ ಹೊಂದಿಕೆಯಲ್ಲಿ ಎಲ್ಲವೂ ಸರಿಹೋಗದೆ ಎರಡು ಮೂರು ಬಾರಿ ತಿದ್ದಬೇಕಾಗುವುದು ಸಾಮಾನ್ಯ, ಅದಕ್ಕೆ ಎದೆಗುಂದಬಾರದು.

ಪೂಜೆ, ವಿಭೂತಿ, ಲೆನ್ಸು

ಲೆನ್ಸು ಧರಿಸುವ ಭಕ್ತರು ನಿತ್ಯದ ಆಚರಣೆಗಳನ್ನು ಬಿಡಬೇಕಾಗಿಲ್ಲ. ಕ್ರಮವನ್ನು ಮಾತ್ರ ಗಮನಿಸಬೇಕು. ಮೊದಲು ಸ್ನಾನ, ಬಳಿಕ ಕೈಯನ್ನು ಪೂರ್ತಿ ಒಣಗಿಸಿಕೊಂಡು ಲೆನ್ಸು, ಅನಂತರ ವಿಭೂತಿ ಧಾರಣೆ ಮತ್ತು ಪೂಜೆ. ವಿಭೂತಿ ಮುಟ್ಟಿದ ಬೆರಳಿನಿಂದ ಲೆನ್ಸನ್ನು ಮುಟ್ಟಬಾರದು. ಹಣೆಗೆ ಹಚ್ಚುವಾಗ ಕಣ್ಣು ಮುಚ್ಚಿರಬೇಕು. ಪಾದೋದಕವನ್ನು ಭಕ್ತಿಯಿಂದ ಸ್ವೀಕರಿಸಿ, ಅದೇ ಒದ್ದೆ ಬೆರಳನ್ನು ಕಣ್ಣಿಗೆ ಒತ್ತಿಕೊಳ್ಳುವ ರೂಢಿ ಇದ್ದವರು ಹಣೆಗೆ ಒತ್ತಿಕೊಂಡರೆ ಭಕ್ತಿಗೆ ಕುಂದಿಲ್ಲ, ಕಣ್ಣಿಗೂ ಕೇಡಿಲ್ಲ. ನಾವು ಸಾಮಾನ್ಯವಾಗಿ ನಿಮಿಷಕ್ಕೆ ಹತ್ತು ಹದಿನೈದು ಬಾರಿ ಎವೆಯಿಕ್ಕುತ್ತೇವೆ. ಅನಿಮಿಷ ದೃಷ್ಟಿಯಲ್ಲಿ ಅದು ನಿಂತುಹೋಗುತ್ತದೆ. ತೀವ್ರ ಒಣಗಣ್ಣಿನವರು ಲೆನ್ಸಿಲ್ಲದಾಗ ಈ ಸಾಧನೆಯನ್ನು ಹಟದಿಂದ ಮಾಡಬಾರದು. ಗುರುಗಳನ್ನು ಕೇಳಿಕೊಂಡು ಅರೆಗಣ್ಣಿನಲ್ಲಿಯೋ ಕಣ್ಣು ಮುಚ್ಚಿಯೋ ಧ್ಯಾನಿಸಬಹುದು. ಜಾತ್ರೆ, ರಥೋತ್ಸವಗಳ ದೂಳಿನಲ್ಲಿ ಲೆನ್ಸಿನ ಮೇಲೆ ಸುತ್ತುಗಟ್ಟಿನ ಕನ್ನಡಕವೂ ಇರಲಿ. ಅಡುಗೆಮನೆಯಲ್ಲಿ ಮೆಣಸಿನಕಾಯಿ ಬಿಡಿಸಿದ ದಿನ ಲೆನ್ಸು ತೆಗೆಯುವ ಮುನ್ನ ಕೈಯನ್ನು ಎರಡು ಮೂರು ಬಾರಿ ಸಾಬೂನಿನಿಂದ ತೊಳೆಯಬೇಕು.

ತಡಮಾಡಬಾರದ ಲಕ್ಷಣಗಳು

ಲೆನ್ಸು ಧರಿಸುವವರಿಗೆ ಕಣ್ಣು ಕೆಂಪೇರಿ ನೋವು ಹೆಚ್ಚಿದರೆ, ದೃಷ್ಟಿ ಹಠಾತ್ತನೆ ಕುಂದಿದರೆ, ಕೀವು ಬಂದರೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ, ದೀಪದ ಸುತ್ತ ಕಾಮನಬಿಲ್ಲಿನ ಬಳೆ ಕಂಡರೆ ಕೂಡಲೇ ಲೆನ್ಸು ತೆಗೆದು ಅದೇ ದಿನ ವೈದ್ಯರನ್ನು ಕಾಣಬೇಕು. ಲೆನ್ಸನ್ನೂ ಅದರ ಡಬ್ಬಿಯನ್ನೂ ಎಸೆಯದೆ ಜೊತೆಗೆ ಒಯ್ಯಬೇಕು. ಸೋಂಕಿನ ಮೂಲ ಪತ್ತೆಗೆ ಅವು ನೆರವಾಗುತ್ತವೆ. ನಾಳೆ ನೋಡೋಣ ಎಂಬ ಒಂದು ರಾತ್ರಿಯ ಉದಾಸೀನಕ್ಕೆ ಕಣ್ಣೇ ಬೆಲೆಯಾಗಬಹುದು. ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿಯನ್ನು ಹಾಕಿಕೊಳ್ಳುವುದಂತೂ ಸರ್ವಥಾ ಸಲ್ಲದು.

ಒಟ್ಟಿನಲ್ಲಿ, ಸ್ಕ್ಲೀರಲ್ ಲೆನ್ಸು ಒಳ್ಳೆಯದೇ ಎಂದು ಕೇಳುವುದಕ್ಕಿಂತ ಅದು ನನಗೆ ತಕ್ಕುದೇ ಎಂದು ಕೇಳುವುದು ಸರಿಯಾದ ದಾರಿ. ಬೇರೆ ಚಿಕಿತ್ಸೆ ಆಗಿದೆಯೇ, ನೋವು ಎಲ್ಲಿಯದು, ಕಣ್ಣು ತಾಳೀತೇ, ಕೈಯೂ ಮನೆಯೂ ಸಿದ್ಧವೇ: ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಈಗ ಬಳಸುತ್ತಿರುವ ಹನಿ, ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಕಾರ್ನಿಯಾ ತಜ್ಞರ ಬಳಿಗೆ ಹೋಗಿರಿ. ಲೆನ್ಸು ಬೇಡವೆಂದು ಅವರು ಹೇಳಿದರೆ ನಿರಾಶರಾಗಬೇಡಿರಿ. ನಿಮ್ಮ ಕಣ್ಣಿಗೆ ಬೇರೆ ಮೆಟ್ಟಿಲುಗಳಿವೆ ಎಂದೇ ಅದರ ಅರ್ಥ. ಬೇಕೆಂದರೆ, ಕಲಿಯಲು ಮನೆಯವರೊಬ್ಬರನ್ನು ಕರೆದುಕೊಂಡೇ ಮರಳಿ ಹೋಗಿರಿ.